ಹಣ್ಣಾಗದ ಟೊಮೆಟೊವಿನ ಸಂಸಾರ

ವಾಮದಪದವಿನ ನಮ್ಮ ನೆಟ್ ಹೌಸಿನಲ್ಲಿ, ಅಂದರೆ ಸುತ್ತ ಬಲೆ ಕಟ್ಟಿದ ಗಿಡದ ಮನೆಯಲ್ಲಿ, ವಿಜ್ಞಾನ ಮುಂದೆ ಹೋಗದ ದಿನಗಳು ಬೇಕಾದಷ್ಟು ಉಂಟು. ನಗದೆ ಮನೆಗೆ ಹೋದ ದಿನ ನೆನಪಿಲ್ಲ. ಅಲ್ಲಿ ನಾನು ಬೆಳೆಸುವುದು ಎರಡು ಬಗೆಯ ಟೊಮೆಟೊ. ಎಲೆ, ಎತ್ತರ, ಹೂವು ಎಲ್ಲ ಒಂದೇ. ವ್ಯತ್ಯಾಸ ಒಂದೇ ಒಂದು ಜೀನಿನದ್ದು. ಒಂದರ ಕಾಯಿ ಕೆಂಪಗೆ ಹಣ್ಣಾಗುತ್ತದೆ, ಇನ್ನೊಂದರದ್ದು ಎಷ್ಟು ದಿನ ಬಿಟ್ಟರೂ ಹಣ್ಣಾಗುವುದಿಲ್ಲ. ಆ ಜೀನಿನ ಕೆಲಸ ತಿಳಿಯಬೇಕಾದರೆ ಉಳಿದದ್ದೆಲ್ಲ ಒಂದೇ ಆಗಿರಬೇಕು.

ಆರು ವರ್ಷ

ಜಾಗದ ಯಜಮಾನರು ಒಮ್ಮೆ ಬಂದರು. ಗಿಡಗಳು ಆಗಷ್ಟೇ ಹೂ ಬಿಟ್ಟಿದ್ದವು.

“ಎರಡೂ ಒಂದೇ ಹಾಗೆ ಉಂಟಲ್ಲ ಮೇಡಂ?”

“ಹೌದು! ಹಾಗೆ ಒಂದೇ ಮಾಡ್ಲಿಕ್ಕೇ ಆರು ವರ್ಷ ಹಿಡಿಯಿತು,” ಎಂದೆ ಹೆಮ್ಮೆಯಿಂದ.

ಅವರು ಮರುಕದಿಂದ ನೋಡಿದರು. “ನನಗೆ ಒಂದು ಮಾತು ಹೇಳಬಾರದಿತ್ತಾ? ನರಿಕೊಂಬಿನ ನರ್ಸರಿಯವ ಒಂದೇ ಹಾಗಿರುವ ಐನೂರು ಗಿಡ ಆರು ವಾರದಲ್ಲಿ ಕೊಡ್ತಾನೆ.”

ಬರಿ

ಹೂವಿನ ಕೇಸರ ಚಿಮಟದಲ್ಲಿ ಕಿತ್ತು, ಬೇರೆ ಗಿಡದ ಪರಾಗ ಸವರುವುದರಲ್ಲಿ, ನನ್ನ ಜೊತೆ ಕೆಲಸಕ್ಕೆ ಬರುವ ಪಕ್ಕದ ಮನೆಯ ಅಕ್ಕನ ಕೈ ನನ್ನದಕ್ಕಿಂತ ಹಗುರ. ಒಂದು ದಿನ ಅವರಿಗೆ ವಿವರಿಸಿದೆ: “ಈ ಸಸಿಗೂ ಪರಾಗ ಆ ಹಳೇ ಗಿಡದ್ದೇ ಅಕ್ಕ. ಇದರ ತಾಯಿಗೂ ಅದೇ, ಅಜ್ಜಿಗೂ ಅದೇ.”

ಚಿಮಟ ಅಲ್ಲೇ ನಿಂತಿತು. ತುಳುವರಲ್ಲಿ ‘ಬರಿ’ ಎಂದರೆ ತಾಯಿಯ ಕಡೆಯಿಂದ ಬರುವ ಗೋತ್ರ.

“ನಮ್ಮಲ್ಲಿ ಬರಿ ಒಂದೇ ಆದ್ರೆ ಸಂಬಂಧದ ಮಾತೇ ಇಲ್ಲ. ಇಲ್ಲಿ ಅಪ್ಪನೇ ಗಂಡನಾ?”

“ವಿಜ್ಞಾನಕ್ಕೆ ಹಾಗೇ ಬೇಕು ಅಕ್ಕ.”

“ಆಯ್ತು, ಮಾಡ್ತೇನೆ. ಆದರೆ ನಾಳೆ ದೈವ ಕೇಳಿದ್ರೆ ನಾನು ನಿಮ್ಮ ಹೆಸರೇ ಹೇಳುವುದು.”

ಪರೀಕ್ಷಕರು

ಯೋಜನೆ ಮುಂದುವರಿಸಬೇಕೋ ಬೇಡವೋ ಎಂದು ನೋಡಲು ಹೊರಗಿನಿಂದ ಒಬ್ಬ ಹಿರಿಯ ಪ್ರೊಫೆಸರ್ ಬರುವವರಿದ್ದರು. ಹಿಂದಿನ ಸಂಜೆ ಮಂಗಗಳು ಬಲೆ ಹರಿದು ಒಳಗೆ ನುಗ್ಗಿದವು. ನಾವು ಓಡಿ ಬರುವಾಗ ತೋರಿಸಲು ಒಂದು ಕೆಂಪು ಹಣ್ಣೂ ಉಳಿದಿರಲಿಲ್ಲ. ನಾನು ಕುಂಡದ ಪಕ್ಕ ಕೂತೇಬಿಟ್ಟೆ.

ಅಕ್ಕ ಮಾತ್ರ ಸಾಲು ಸಾಲು ನೋಡುತ್ತಾ ಹೋದರು. “ಮೇಡಂ, ಹಣ್ಣಾಗದ್ದನ್ನು ಒಂದನ್ನೂ ಮುಟ್ಟಲಿಲ್ಲ ಮಾರಾಯ್ರೆ!”

ಎರಡು ಬಗೆಯ ಕುಂಡಗಳನ್ನೂ ಬೇಕೆಂದೇ ಬೆರೆಸಿ ಇಟ್ಟಿದ್ದೆವು. ಯಾವ ಕುಂಡ ಯಾವ ಬಗೆಯದ್ದೆಂಬ ಪಟ್ಟಿ ಹಿಡಿದು ನೋಡಿದರೆ, ಮಂಗಗಳದ್ದು ಒಂದೂ ತಪ್ಪಿಲ್ಲ.

ಮರುದಿನ ಪ್ರೊಫೆಸರ್ ಪಟ್ಟಿ ನೋಡಿ ಕೇಳಿದರು: “ಯಾವ ಗಿಡ ಯಾವುದೆಂದು ಗೊತ್ತಿಲ್ಲದವರಿಂದ ಪರೀಕ್ಷೆ ಮಾಡಿಸಿದ್ದೀರಾ?”

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದರು: “ನಿನ್ನೆಯೇ ಆಯ್ತು ಸರ್. ಹತ್ತು ಹನ್ನೆರಡು ಜನ ಬಂದಿದ್ರು. ನಾವು ಏನೂ ಹೇಳಿ ಕೊಡಲಿಲ್ಲ.”

ಪ್ರೊಫೆಸರಿಗೆ ಬಹಳ ಸಂತೋಷವಾಯಿತು. ‘ಸ್ವತಂತ್ರ ಪರೀಕ್ಷಕರಿಂದ ದೃಢಪಟ್ಟಿದೆ, ಯೋಜನೆ ಮುಂದುವರಿಯಲಿ’ ಎಂದು ಬರೆದು ಸಹಿ ಹಾಕಿ, ಪೆನ್ನು ಮುಚ್ಚುತ್ತಾ ಕೇಳಿದರು: “ಯಾವ ಕಾಲೇಜಿನವರು?”

ಅಕ್ಕ ಹೊರಗಿನ ಹಲಸಿನ ಮರಕ್ಕೆ ಕೈ ತೋರಿಸಿದರು. “ಅಗೊಳ್ಳಿ, ಮೇಲಿನ ಕೊಂಬೆಯಲ್ಲಿ ಕೂತಿದ್ದಾರಲ್ಲ, ಅವರೇ ಹೆಡ್ಡು.”