ಕಣ್ಣು ಮುಚ್ಚಿ ಕಲಿಸಿದ ಸ್ಕೂಟಿ

ಮಸ್ಕಿಯ ಕೋಳಿಗಳು ಉಮಾದೇವಿಯ ಹೆಸರು ಹೇಳಿಯೇ ರಸ್ತೆ ದಾಟುತ್ತವೆಂದು ಪ್ರತೀತಿ. ಎದುರಿಗೆ ಕೋಳಿ ಬರಲಿ, ಕುರಿ ಬರಲಿ, ಗಾಳಿಗೆ ಹಾರಿದ ಹತ್ತಿಯ ಎಳೆಯೇ ಬರಲಿ, ಆಕೆ ಸ್ಕೂಟಿ ನಿಲ್ಲಿಸಿ ಎರಡೂ ಪಾದಗಳನ್ನು ನೆಲಕ್ಕೆ ಊರಿಬಿಡುತ್ತಿದ್ದಳು. ಒಮ್ಮೆ ಒಂದು ಎಮ್ಮೆ ರಸ್ತೆಬದಿಯಲ್ಲಿ ಸುಮ್ಮನೆ ಮೇಯುತ್ತಿತ್ತು. ಅದಕ್ಕೆ ದಾಟುವ ಮನಸ್ಸಾಗುವವರೆಗೂ ಆಕೆ ಕಾದು ನಿಂತಳೆಂದು ಗಂಡ ಸಿದ್ದರಾಮೇಶ ತನ್ನ ಗೊಬ್ಬರದ ಅಂಗಡಿಗೆ ಬಂದವರಿಗೆಲ್ಲ ವರ್ಣಿಸುತ್ತಿದ್ದ. (ಎಮ್ಮೆ ಇದ್ದದ್ದು ಒಂದೇ. ಹೇಳುತ್ತಾ ಹೇಳುತ್ತಾ ಅವನ ಬಾಯಲ್ಲಿ ಏಳಾದವು.)

ಇಂಥ ಔದಾರ್ಯ ಲೈಸೆನ್ಸ್ ಕೊಡುವ ಸಾಹೇಬರಿಗೆ ಮಾತ್ರ ಅರ್ಥವಾಗಲಿಲ್ಲ. ಲಿಂಗಸುಗೂರಿನ ಪರೀಕ್ಷೆಯಲ್ಲಿ ಎಂಟರ ಆಕಾರದ ಗೆರೆಯ ಮೇಲೆ ಕಾಲೂರದೆ ಗಾಡಿ ಓಡಿಸಬೇಕು. ಉಮಾದೇವಿ ಎರಡು ಸಲ ಹೋದಳು, ಎರಡು ಸಲವೂ ಕಾಲೂರಿ ಬಂದಳು. ಆಕೆ ಸಂತೆಕಲ್ಲೂರಿನ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಹನ್ನೆರಡು ಜನ ತುಂಬದ ಹೊರತು ಆಟೋದವನು ಮಸ್ಕಿ ಬಿಡುತ್ತಿರಲಿಲ್ಲ; ಆಕೆ ಶಾಲೆ ಮುಟ್ಟುವಷ್ಟರಲ್ಲಿ ಪ್ರಾರ್ಥನೆ ಮುಗಿದು ಹಾಜರಿಯೂ ಮುಗಿದಿರುತ್ತಿತ್ತು. ಇನ್ನೊಂದು ತಿಂಗಳು ಹೀಗೇ ನಡೆದರೆ ಬೇರೆಯವರನ್ನು ನೋಡಿಕೊಳ್ಳುವುದಾಗಿ ಹೆಡ್‌ಮಾಸ್ತರರು ಹೇಳಿಬಿಟ್ಟಿದ್ದರು.

ಇಂಥ ಸಂಕಟದ ಗಳಿಗೆಯಲ್ಲಿ ಸಿದ್ದರಾಮೇಶನಿಗೆ ಮೊಬೈಲಿನಲ್ಲಿ ಜ್ಞಾನೋದಯವಾಯಿತು. ಮೈಯನ್ನು ಪೂರ್ತಿ ಸಡಿಲ ಬಿಟ್ಟು, ಗೆದ್ದಂತೆ ಮನಸ್ಸಿನಲ್ಲೇ ಚಿತ್ರ ಕಂಡರೆ ಇಪ್ಪತ್ತೊಂದು ದಿನದಲ್ಲಿ ಗೆಲುವು ಖಚಿತವೆಂದು ಒಬ್ಬ ಗುರು ಮೆಲುದನಿಯಲ್ಲಿ ಹೇಳಿದ್ದ.

"ಇನ್ನ ಇಪ್ಪತ್ತೊಂದು ದಿನ ನೀ ಗಾಡಿ ಮುಟ್ಟಬ್ಯಾಡ," ಎಂದು ಹೆಂಡತಿಗೆ ಆಜ್ಞೆಯಾಯಿತು. "ಗಾಡಿ ಓಡಸೋದು ಕೈಕಾಲಲ್ಲ, ಮನಸ್ಸು."

"ಹಂಗಾದ್ರ ಪೆಟ್ರೋಲೂ ಮನಸ್ಸಿಗೇ ಹಾಕಸ್ತೀರೇನ್ರಿ?"

ಶಿಷ್ಯರು ಮೊದಮೊದಲು ಹೀಗೆ ಹಗುರವಾಗಿ ಮಾತಾಡುತ್ತಾರೆಂದು ಗುರು ಎಚ್ಚರಿಸಿದ್ದರಿಂದ (ನಾಲ್ಕನೆಯ ವಿಡಿಯೊ) ಸಿದ್ದರಾಮೇಶ ಸಿಟ್ಟಾಗಲಿಲ್ಲ.

ಮರುದಿನ ಬೆಳಿಗ್ಗೆ ಆರಕ್ಕೆ ಪಡಸಾಲೆಯಲ್ಲಿ ಚಾಪೆ ಹಾಸಿ ಆಕೆಯನ್ನು ಮಲಗಿಸಿದ. ಹೆಬ್ಬೆರಳಿನಿಂದ ಹಿಡಿದು ಹುಬ್ಬಿನವರೆಗೆ ಒಂದೊಂದೇ ಅಂಗ ಸಡಿಲಿಸಿದ ಮೇಲೆ, ಮೊಬೈಲಿನಲ್ಲಿ ಹೊಳೆ ಹರಿಯುವ ಸದ್ದನ್ನು ಜೋರಾಗಿ ಹಚ್ಚಿ, ನೀರು ಜುಳುಜುಳು ಹರಿಯುತ್ತಿದೆ ಎಂದು ಭಾವಿಸಲು ಹೇಳಿದ. ಎಂಟು ದಿನಕ್ಕೊಮ್ಮೆ ನಳ ಬರುವ ಓಣಿಯಲ್ಲಿ ಯಾರೂ ಈ ಕೆಲಸ ಮಾಡಬಾರದು. ಉಮಾದೇವಿ ಕಣ್ಣು ಮುಚ್ಚಿಕೊಂಡೇ ಎದ್ದು ಕೊಡ ಹುಡುಕತೊಡಗಿದಳು. ಸದ್ದು ಕಿಟಕಿ ದಾಟಿ ಹೋಗಿತ್ತು. ಪಕ್ಕದ ಮನೆಯ ಚಾಂದ್‌ಬೀ ನಾಲ್ಕು ಕೊಡಗಳ ಸಮೇತ ಬಾಗಿಲಿಗೆ ಬಂದಳು, ಆಕೆಯ ಬೆನ್ನಿಗೆ ಅರ್ಧ ಓಣಿ ಬಂತು. ಈ ನೀರು ಮನಸ್ಸಿನೊಳಗಿನದು ಎಂದು ಸಿದ್ದರಾಮೇಶ ವಿವರಿಸಿದ.

"ಹಂಗಾದ್ರ ನೀವೇ ತುಂಬಕೋರಿ, ಅಣ್ಣಾರ," ಎಂದು ಚಾಂದ್‌ಬೀ ಖಾಲಿ ಕೊಡ ಎತ್ತಿಕೊಂಡು ಹೋದಳು.

ಅಂದಿನಿಂದ ಹೊಳೆಯ ಸದ್ದು ಬಂದ್ ಆಯಿತು. ಬದಲಿಗೆ ಸಿದ್ದರಾಮೇಶ ತಾನೇ ಪಕ್ಕದ ಚಾಪೆಯಲ್ಲಿ ಮಲಗಿ, ಕಣ್ಣು ಮುಚ್ಚಿ, ಮಾಡಿ ತೋರಿಸತೊಡಗಿದ. ಶಿಷ್ಯೆಯ ಪ್ರಗತಿ ಕಂಡು ಅವನು ಬೆರಗಾದ. ಏಳಕ್ಕೆ ಅವನು ಕಣ್ಣು ತೆರೆದಾಗ ಆಕೆ ಆಗಲೇ ಎದ್ದು ಕೂತಿರುತ್ತಿದ್ದಳು. ಕೆನ್ನೆ ಕೆಂಪಾಗಿ, ಹಣೆ ಬೆವೆತು, ಮುಂಗುರುಳು ಗಾಳಿಗೆ ಸಿಕ್ಕಂತೆ ಕೆದರಿರುತ್ತಿದ್ದವು.

"ಎಂಟು ಹಾಕೀಯೇನು?"

"ಹಾಕೀನ್ರಿ. ಆರು ಸಲ."

"ಕಾಲು ಊರೀಯೇನು?"

"ಒಂದು ಸಲ. ನಾಳೆ ಅದೂ ಇಲ್ಲ."

ಮಲಗಿದಲ್ಲೇ ಬೆವರುವಷ್ಟು ಆಳಕ್ಕೆ ಇಳಿದವರನ್ನು ಗುರುವೂ ಕಂಡಿರಲಾರ ಎಂದುಕೊಂಡ. ಮದುವೆಯಾಗಿ ಹದಿನಾರು ವರ್ಷಕ್ಕೆ ಅವನಿಗೆ ಹೆಂಡತಿಯ ಬಗ್ಗೆ ಭಕ್ತಿಯಂಥದ್ದೇನೋ ಹುಟ್ಟಿತು. ನಿಂತ ಗಾಡಿಯಲ್ಲಿ ಪೆಟ್ರೋಲು ಇಳಿಯುತ್ತಿದ್ದುದಕ್ಕೆ ಮಾತ್ರ ಮೆಕ್ಯಾನಿಕನನ್ನು ಎರಡು ಸಲ ಬೈದು ಬಂದ.

ಪರೀಕ್ಷೆಯ ದಿನ ಉಮಾದೇವಿ ಜಡೆ ಹೆಣೆದಷ್ಟು ಸಲೀಸಾಗಿ ಎಂಟು ಹಾಕಿದಳು. ನಡುವೆ ಒಂದು ನಾಯಿ ಗೆರೆಯ ಮೇಲೆ ಬಂದು ಮೈ ಕೆರೆದುಕೊಳ್ಳುತ್ತ ನಿಂತಿತು. ಆಕೆಯ ಪಾದಗಳು ಅಲುಗಲಿಲ್ಲ. ಹಾರ್ನ್ ಬಾರಿಸಿದಳು, ನಾಯಿಯೇ ದಾರಿ ಬಿಟ್ಟಿತು. ಸಾಹೇಬರು ಸಹಿ ಹಾಕಿದರು. ಸಿದ್ದರಾಮೇಶ ಕರವಸ್ತ್ರದಿಂದ ಕಣ್ಣೊರೆಸಿಕೊಂಡ.

ಅಂದು ಸಂಜೆ ಪಡಸಾಲೆ ತುಂಬಿತ್ತು. ಚಾಂದ್‌ಬೀ ಮಗಳು ನಗ್ಮಾಳನ್ನು ಕರೆತಂದಿದ್ದಳು. ಹುಡುಗಿಗೆ ಗಣಿತದ ಭಯ ಹೋಗಬೇಕಿತ್ತು. ಸಿದ್ದರಾಮೇಶ ಮುಕ್ಕಾಲು ತಾಸು ಅಂತರಂಗದ ಶಕ್ತಿಯ ಮೇಲೆ ಪ್ರವಚನ ನಡೆಸಿ, ಕಡೆಗೆ ಹೆಂಡತಿಯ ಕಡೆ ಕೈ ಚಾಚಿದ.

"ನೀನೇ ಹೇಳು ಉಮಾ. ಕಣ್ಣು ಮುಚ್ಚಿದ ಮ್ಯಾಲ ಏನಾತು?"

ಉಮಾದೇವಿ ನಗ್ಮಾಳ ಕೈಗೆ ಚಹಾ ಕೊಟ್ಟಳು.

"ಇವರು ಕಣ್ಣು ಮುಚ್ಚಿದ ಕೂಡ್ಲೇ ಗೊರಕಿ ಹೊಡೀತಿದ್ರು," ಎಂದಳು. "ಏಳರ ತನಕ ಗಾಡಿ ನಂಗ ಖಾಲಿ ಸಿಗ್ತಿತ್ತು."