ಇಪ್ಪತ್ತೊಂಬತ್ತನೇ ತಾರೀಕಿನ ಪ್ಯಾಂಟು

ಈ ಸಲ ಫೆಬ್ರವರಿ ಇಪ್ಪತ್ತೊಂಬತ್ತು ಬಂದರೂ ಊರಿನ ಒಂದು ಪಂಪಿನ ಕೂದಲೂ ಕೊಂಕಬಾರದು ಎಂದು ಪಣ ತೊಟ್ಟಿದ್ದೆ! ನೀರು ಸರಬರಾಜು ಕಚೇರಿಯ ಕಂಪ್ಯೂಟರ್ ವಿಭಾಗ ನನ್ನದು. ಆ ಹೆಚ್ಚುವರಿ ದಿನ ಕಂಡರೆ ಕೆಲವು ಯಂತ್ರಗಳಿಗೆ ತಲೆ ಕೆಡುತ್ತದೆ. ತಿಂಗಳಿಡೀ ಪಂಪು, ಮೀಟರು ಎಂದು ಅಲೆದು, ಎಲ್ಲದರ ತಾರೀಕು ಸರಿಪಡಿಸಿ ಹೈರಾಣಾಗಿದ್ದೆ. ಹಿಂದಿನ ಸಂಜೆ ಆಫೀಸಿನ ಪ್ಯಾಂಟುಗಳನ್ನೆಲ್ಲ ವಾಷಿಂಗ್ ಮೆಷಿನ್ನಿಗೆ ತುರುಕಿ, ಮುಂಜಾನೆ ತಾನೇ ಒಗೆಯಲಿ ಎಂದು ಟೈಮರ್ ಇಟ್ಟು ಮಲಗಿದೆ.

ಬೆಳಿಗ್ಗೆ ನೋಡಿದರೆ ಒಗೆದಿಲ್ಲ, ಬಾಗಿಲೂ ತೆರೆಯುತ್ತಿಲ್ಲ. ‘ದಿನಾಂಕ ತಪ್ಪು’ ಎಂದು ಮಿಣಮಿಣ!

"ಊರಿಗೆಲ್ಲ ತಾರೀಕು ಹೇಳ್ಕೊಟ್ರಿ, ಮನೇದಕ್ಕೆ?" ಎಂದಳು ಹೆಂಡತಿ.

"ಕಾಲ ಕೆಟ್ಟಿದೆ ಕಣೇ."

"ಕಾಲ ಅಲ್ಲ, ತಲೆ. ಪ್ಲಗ್ ಕಿತ್ತು ಮತ್ತೆ ಹಾಕಿ ನೋಡಿ."

ಹಾಕಿದೆ. ಮೆಷಿನ್ನು ತಾನು ಹುಟ್ಟಿದ ವರ್ಷಕ್ಕೆ ಹಿಂತಿರುಗಿ, ಎಳೆಗೂಸಿನಂತೆ ಗಟಗಟ ನೀರು ಕುಡಿದು ನಿಂತುಬಿಟ್ಟಿತು. ಬಾಗಿಲು ಮಾತ್ರ ಬಿಗಿ! ಗಾಜಿನಾಚೆ ನನ್ನ ಪ್ಯಾಂಟುಗಳು ಮೀನಿನ ಹಾಗೆ ತೇಲುತ್ತಿದ್ದವು.

"ಸಾಹೇಬರ ಮೀಟಿಂಗಿದೆ, ಲುಂಗೀಲಿ ಹೋಗ್ಲಾ?"

"ಅಪ್ಪನ ಪ್ಯಾಂಟಿದೆಯಲ್ಲ!"

ನಮ್ಮ ಮಾವನವರ ಸೊಂಟದೊಳಗೆ ನನ್ನಂಥವರು ಇಬ್ಬರು ಆರಾಮವಾಗಿ ಸಂಸಾರ ಮಾಡಬಹುದು. ಒಂದು ಕೈಯನ್ನು ಪ್ಯಾಂಟಿಗೇ ಮೀಸಲಿಟ್ಟು ಆಫೀಸು ಸೇರಿದೆ. ಪಂಪುಗಳೆಲ್ಲ ಸರಿಯಾಗಿ ಓಡುತ್ತಿದ್ದವು.

"ಭೇಷ್!" ಎಂದು ಸಾಹೇಬರು ಕೈ ಚಾಚಿದರು. ಹಿಗ್ಗಿನಲ್ಲಿ ಎರಡೂ ಕೈ ಕೊಟ್ಟೆ. ಮುಂದಿನದು ಹೇಳಲಾರೆ!

ಮಾನದ ಜತೆ ಹಾಜರಿಯೂ ಹೋಯಿತು. ಬೆರಳೊತ್ತುವ ಹಾಜರಿ ಯಂತ್ರವೂ ಆ ತಾರೀಕನ್ನು ಒಪ್ಪಿರಲಿಲ್ಲ. "ಇದೊಂದನ್ನ ನೋಡ್ಲಿಲ್ವೇನ್ರೀ? ಇದರ ಪ್ರಕಾರ ಇವತ್ತು ನಾವ್ಯಾರೂ ಆಫೀಸಿಗೇ ಬಂದಿಲ್ಲ!" ಎಂದು ಸಾಹೇಬರು ಸಿಡುಕಿದರು.

ಸಂಜೆ ಮನೆಗೆ ಬಂದು ಕುರ್ಚಿಗೆ ಕುಸಿದೆ. ಹೆಂಡತಿ ಕಾದಂಬರಿ ಓದುತ್ತಾ ಕಾಲು ಚಾಚಿದ್ದಳು.

"ಹೋಗ್ಲಿ, ಆ ಯಂತ್ರಗಳಿಗೆ ಏನಾಗಿದೆ ಅಂತ ನನಗೂ ಅರ್ಥ ಆಗೋ ಹಾಗೆ ಹೇಳಿ."

ಪರವಾಗಿಲ್ಲ, ನನ್ನ ವಿದ್ಯೆಗೆ ಮನೆಯಲ್ಲಾದರೂ ಬೆಲೆಯಿದೆ! ನೆಟ್ಟಗೆ ಕೂತು ಗಂಭೀರವಾಗಿ ವಿವರಿಸಿದೆ: "ಅವುಗಳ ಲೆಕ್ಕದಲ್ಲಿ ಇವತ್ತು ಅನ್ನೋ ದಿನವೇ ಇಲ್ಲ. ಇಲ್ಲದ ದಿನ ಯಾವ ಕೆಲಸವನ್ನೂ ಮಾಡೋದಿಲ್ಲ, ಸುಮ್ನೆ ಕೂತಿರ್ತವೆ. ಅಷ್ಟೇ."

"ಅಯ್ಯೋ, ಎಷ್ಟು ಚೆನ್ನಾಗಿ ಅರ್ಥ ಆಯ್ತು!" ಎಂದು ಹಾಳೆ ತಿರುವಿದಳು. "ಹಾಗಾದ್ರೆ ಊಟಕ್ಕೆ ನಾಳೆ ಬನ್ನಿ."