ಕಣ್ಣು ಮುಚ್ಚದ ಕೂಸು

ಎದೆಹಾಲಿನ ಬಗ್ಗೆ ತಾಯಂದಿರಿಗೆ ತಿಳಿಹೇಳುವ ನರ್ಸ್ ನಾನು. ಕೂಸನ್ನು ಹೇಗೆ ಹಿಡಿಯಬೇಕೆಂದು ತೋರಿಸಲು ದವಾಖಾನೆಯವರು ಒಂದು ಗೊಂಬೆ ಕೊಟ್ಟಿದ್ದಾರೆ. ಹಸುಗೂಸಿನಷ್ಟೇ ತೂಕ, ಎತ್ತಿದರೆ ಕಣ್ಣು ತೆರೆಯುತ್ತದೆ, ಮಲಗಿಸಿದರೆ ಮುಚ್ಚುತ್ತದೆ. ಅದು ಜೊತೆಗಿದ್ದರೆ ಏನಾದರೊಂದು ಆಗದೆ ದಿನ ಮುಗಿಯುವುದಿಲ್ಲ.

೧. ಶಿರೂರಿನ ಸಭೆ

ಅಂಗನವಾಡಿಯಲ್ಲಿ ಗೊಂಬೆಯನ್ನು ಎದೆಗವಚಿಕೊಂಡು ವಿವರಿಸುತ್ತಿದ್ದೆ. ಹೆಂಗಸರೆಲ್ಲ ಗಪ್‌ಚಿಪ್. ಎಷ್ಟು ಮನಸ್ಸಿಟ್ಟು ಕೇಳುತ್ತಿದ್ದಾರೆಂದು ಹಿಗ್ಗಿದೆ. ಹಿಂದೆ ಕೂತಿದ್ದ ಮುದುಕಿಯೊಬ್ಬಳು ಎದ್ದು ಬಂದು ಗೊಂಬೆಯ ಪಾದ ಮುಟ್ಟಿ, ಸರಕ್ಕನೆ ಕೈ ಎಳೆದುಕೊಂಡಳು.

"ಥಣ್ಣಗೈತಲ್ಲ ಯವ್ವಾ! ಮಣ್ಣು ಮಾಡಿದ ಮ್ಯಾಲೆ ಹಾಲು-ತುಪ್ಪ ಬಿಡೋದು ಕಂಡೇನಿ. ಎದಿಹಾಲು ಕುಡಸೋದು ಇವತ್ತ ನೋಡಿದೆ!"

೨. ಅಮೀನಗಡದಲ್ಲಿ ಇಳಿದವಳು

ವಾಪಸು ಬರುವಾಗ ಬಸ್ಸಿನಲ್ಲಿ ಗೊಂಬೆ ನನ್ನ ತೊಡೆಯ ಮೇಲೆ ಮಲಗಿತ್ತು. ಪಕ್ಕದ ಹೆಂಗಸು, "ಭಾಳ ಶಾಣ್ಯಾ ಕೂಸ್ರಿ, ಅಳೂದ ಇಲ್ಲ" ಎಂದಳು.

"ಎಂದೂ ಅತ್ತಿಲ್ಲರಿ" ಎಂದೆ, ತೂಕಡಿಸುತ್ತ.

ಡ್ರೈವರ್ ಬ್ರೇಕ್ ಹಾಕಿದ. ಆ ಕುಲುಕಿಗೆ ಎದ್ದು ಕೂತ ಗೊಂಬೆ ಟಕ್ಕನೆ ಕಣ್ಣು ತೆರೆದು ಅವಳನ್ನೇ ನೋಡಿತು. ರೆಪ್ಪೆ ಬಡಿಯಲಿಲ್ಲ. ಅಮೀನಗಡ ಬಂದದ್ದೇ ತಡ, "ಕರದಂಟು ತಗೋಬೇಕ್ರಿ" ಎಂದು ಇಳಿದವಳು ಬಸ್ಸು ಹೊರಟರೂ ಹತ್ತಲಿಲ್ಲ.

ಕಂಡಕ್ಟರ್ ನನ್ನತ್ತ ಬಗ್ಗಿದ. "ಆಕೀ ಟಿಕೀಟು ಇಳಕಲ್ ತನಾ ಐತಿ. ಏನಂದ್ರಿ ಅಕ್ಕಾರ ಆಕಿಗೆ?"

೩. ಮೊದಲ ಹಾಲು

ಇದು ನಮ್ಮ ವಾರ್ಡಿನದು. ಚೊಚ್ಚಲ ಹೆರಿಗೆ, ಕೂಸು ಸಣ್ಣದು, ಹಸಿದು ಕೀರಲು ದನಿಯಲ್ಲಿ ಅಳುತ್ತಿತ್ತು. ಬಾಣಂತಿಯ ತಾಯಿ ಅಡ್ಡ ನಿಂತಿದ್ದಳು. "ಹಳದಿ ಹಾಲು ಕೆಟ್ಟದ್ದ, ಹಿಂಡಿ ಚೆಲ್ಲಬೇಕ. ಕೂಸಿಗೆ ಬೆಲ್ಲದ ನೀರ ಸಾಕ."

"ಅದ ಅಮೃತ ಅಜ್ಜಿ, ಏನೂ ಆಗಂಗಿಲ್ಲ" ಎಂದು ಗೊಂಬೆ ಹಿಡಿದು ತೋರಿಸಿದೆ. ಅಷ್ಟರಲ್ಲಿ ಇನ್ನೊಂದು ಹೆರಿಗೆಗೆ ಕರೆ ಬಂತು. ಗೊಂಬೆಯನ್ನು ಅಲ್ಲೇ ಬಿಟ್ಟು ಓಡಿದೆ.

ತಿರುಗಿ ಬಂದರೆ ವಾರ್ಡಿನಲ್ಲಿ ಸದ್ದೇ ಇಲ್ಲ. ಕೂಸಿನ ಅಳುವೂ ನಿಂತಿದೆ. ಸ್ಟೂಲಿನ ಮೇಲೆ ಕುಂಚಿಗೆ ಹೊದ್ದು ಗೊಂಬೆ ಕೂತಿದೆ. ಗಲ್ಲಕ್ಕೆ ಕಾಡಿಗೆಯ ಬೊಟ್ಟು, ಕಣ್ಣು ತೆರೆದೇ ಇವೆ, ತುಟಿಯಿಂದ ಹಳದಿಯದೇನೋ ತೊಟ್ಟಿಕ್ಕುತ್ತಿದೆ. ಅಜ್ಜಿ ಅದರ ಮೂಗಿನ ಕೆಳಗೆ ಬೆರಳು ಹಿಡಿದಿದ್ದಾಳೆ.

"ಕೂಸಿಗೆ ಏನಾತು ಅಜ್ಜಿ?"

"ಅತ್ತತ್ತು ಸೋತು ಮಲಗೇತಿ. ಹಿಂಡಿದ ಹಾಲು ಮೊದಲ ಇದಕ್ಕ ಕುಡಿಸೇನಿ. ಏನಾಗತೈತಿ ನೋಡಾಕ ಹತ್ತೇನಿ."

"ಅದು ಗೊಂಬಿ!"

"ಗೊಂಬಿ ಆದ್ರೇನಾತು? ದವಾಖಾನಿದು, ತಿಳುವಳಿಕಿ ಇರತೈತಿ. ಆದ್ರ ಕಣ್ಣ ಮುಚ್ಚವಲ್ದು. ಅದಕ್ಕ ನನಗ ಅಂಜಿಕಿ ಬಂದೇತಿ."

ನಗು, ಸಿಟ್ಟು ಎರಡೂ ಒಟ್ಟಿಗೇ ಬಂದವು. ಗೊಂಬೆಯನ್ನು ಎತ್ತಿ ಹಾಸಿಗೆಯ ಮೇಲೆ ಮಲಗಿಸಿದೆ. ಕಣ್ಣು ಮುಚ್ಚಿಕೊಂಡವು.

ಅಜ್ಜಿಯ ಮುಖ ಅರಳಿತು. ಮಗಳತ್ತ ತಿರುಗಿ ಗದರಿದಳು:

"ಹೊಟ್ಟಿ ತುಂಬಿ ಮಲಕ್ಕೊಂತು ನೋಡ! ಇನ್ನೇನ್ ನೋಡ್ತಿ? ನಿನ್ನ ಕೂಸನ್ನ ಎಬ್ಬಿಸಿ ಎದಿಗೆ ಹಚ್ಚ ಲಗೂನ, ಮಂದಿ ಕೂಸ ಎಲ್ಲಾ ಕುಡದು ಮುಗಸೂಕಿಂತ ಮೊದಲ!"